ಮೇ ಇಪ್ಪತ್ತೈದು, ಸೋಮವಾರ

ತೆಂಗಿನ ಸಿಪ್ಪೆ, ಒಂದು, ಅಗೋ ಇನ್ನೊಂದು, ಮುಂದಿನ ಟ್ರ್ಯಾಕ್ಟರಿನಿಂದ ಉದುರಿ ರಸ್ತೆಯ ಮೇಲೆ ಪುಟಿಯುತ್ತಿವೆ, ಉದುರಲಿ ಬಿಡು, ಬೇರೆ ದಿನವಾಗಿದ್ದರೆ ಹಾರನ್ ಒತ್ತಿ ಒತ್ತಿ ಅವನ ಪ್ರಾಣ ತಿನ್ನುತ್ತಿದ್ದೆ, ಇವತ್ತು ಗುಬ್ಬಿಯಿಂದ ತುಮಕೂರಿನವರೆಗೂ ಇವನ ಹಿಂದೆಯೇ ತೆವಳಿಕೊಂಡು ಹೋಗೆಂದರೂ ಹೋಗುತ್ತೇನೆ, ಜೂನ್ ಇಪ್ಪತ್ತನಾಲ್ಕು, ಬುಧವಾರ, ಅಬ್ಬ, ಜೂನ್ ಇಪ್ಪತ್ತನಾಲ್ಕು — ಮೇ ಇಪ್ಪತ್ತೈದು ಅಲ್ಲ, ಸೋಮವಾರ ಅಲ್ಲ, ಅಪ್ಪನ ತಿಥಿ ಜೂನ್ ಇಪ್ಪತ್ತನಾಲ್ಕಕ್ಕೆ, ಅಷ್ಟು ಹೊತ್ತಿಗೆ ನಾವು ಫ್ರಾನ್ಸಿಗೆ ಹೋಗಿ, ಟೆಂಟಿನಲ್ಲಿ ಮಲಗಿ ಎದ್ದು, ಇಂಗ್ಲೆಂಡಿಗೆ ವಾಪಸು ಬಂದು, ಅಲ್ಲಿಂದ ವಿಮಾನ ಹತ್ತಿ ತುಮಕೂರು ಸೇರಿ, ಬಟ್ಟೆ ಒಗೆದು ಒಣಗಿಸಿ ಮಡಿಸಿಟ್ಟು ಹದಿನೈದು ದಿನ ಆಗಿರುತ್ತದೆ, ಆಮೇಲೆ ಸಾವಧಾನವಾಗಿ ಎಳ್ಳು ತಂದು, ದರ್ಭೆ ತಂದು, ಭಟ್ಟರನ್ನು ಕರೆದು, ಅಪ್ಪನಿಗೆ ಏನೇನು ಸಲ್ಲಬೇಕೋ ಒಂದೂ ಬಿಡದೆ ಸಲ್ಲಿಸಬಹುದು, ಎದೆಯ ಮೇಲಿಂದ ರುಬ್ಬುಗುಂಡು ಇಳಿಸಿದ ಹಾಗಿದೆ — ಹಿಂದಿನ ಸೀಟಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಾಳೆ, ತೊಡೆಯ ಮೇಲೆ ಬಟ್ಟೆಚೀಲ, ಚೀಲದ ಮೇಲೆ ಎರಡೂ ಕೈ, ಭಟ್ಟರ ಮನೆಯಿಂದ ಹೊರಟ ಮೇಲೆ ಒಂದು ಮಾತೂ ಆಡಿಲ್ಲ, ಏಸಿ ಜಾಸ್ತಿಯಾಯಿತಾ ಅಂದರೆ ಊಹೂಂ, ನೀರು ಬೇಕಾ ಅಂದರೆ ಊಹೂಂ, ಇರಲಿ, ಎಪ್ಪತ್ತಮೂರು ವರ್ಷ, ಬಿಸಿಲು ಬೇರೆ, ನನಗಂತೂ ಒಂದು ಹಾಡು ಹಾಕಿಕೊಳ್ಳೋಣ ಅನ್ನಿಸುತ್ತಿದೆ, ಅಪ್ಪನ ತಿಥಿ ಮಾತಾಡಿಕೊಂಡು ಬಂದ ಮಗ ಕಾರಿನಲ್ಲಿ ಹಾಡು ಹಾಕಿಕೊಂಡರೆ ಚೆನ್ನಾಗಿರುತ್ತದಾ, ಬೇಡ, ಸ್ಟೀರಿಂಗಿನ ಮೇಲೆ ಬೆರಳಲ್ಲಿ ತಾಳ ಹಾಕಿಕೊಂಡರೆ ಸಾಕು.

ಟೆಂಟು ಯಾರ ತಲೆಯಲ್ಲಿ ಹುಟ್ಟಿದ್ದು, ತಿಮ್ಮೇಶನ ತಲೆಯಲ್ಲಿ, ಇನ್ಯಾರ ತಲೆಯಲ್ಲಿ ಹುಟ್ಟುತ್ತದೆ, ಚೇಳೂರಿನ ತೆಂಗಿನತೋಟದವರ ಮಗ, ಅಲ್ಲಿ ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ನರ್ಸು, ನನ್ನ ತಂಗಿ ಅಪರ್ಣನ ಗಂಡ, ಅವನೇ ಫೋನಿನಲ್ಲಿ, ಭಾವ, ಹೋಟ್ಲಲ್ಲೇನೈತೆ, ನಾಕ್ ಗೋಡೆ, ಟೆಂಟ್ ಹಾಕುದ್ರೆ ಹುಲ್ ಮೇಲೆ ಮಲಗ್ಬೋದು, ಅತ್ತೇರ್ಗೆ ಮಡ್ಚೋ ಮಂಚ ತತ್ತೀನಿ, ನೀವ್ ಸುಮ್ನೆ ಬನ್ನಿ, ಮಿಕ್ಕಿದ್ದ್ ನಂಗ್ ಬುಡಿ, ಅಂದ, ಅವನಿಗೆ ಬಿಟ್ಟೆವು, ಮೇ ಇಪ್ಪತ್ತಮೂರು ಶನಿವಾರ ಬೆಳಗ್ಗೆ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಿಂದ ಹೊರಡುವುದು, ಏಳು ಸೀಟಿನ ಕಾರು, ಕಾರಿನ ತಲೆಯ ಮೇಲೆ ಟೆಂಟಿನ ಪೆಟ್ಟಿಗೆ, ಕಾರು ಸಮೇತ ಹಡಗಿನ ಹೊಟ್ಟೆಯೊಳಕ್ಕೆ, ಆರು ಗಂಟೆ ಸಮುದ್ರ, ಆ ಕಡೆ ಫ್ರಾನ್ಸಿನ ನಾರ್ಮಂಡಿ ದಡ, ದಡದಿಂದ ಒಂದು ಗಂಟೆ ದಾರಿ, ಏಳು ದಿನ, ಅವರ ಮಗಳು ಯಶಸ್ವಿನಿಗೆ ಆ ಒಂದೇ ವಾರ ಸ್ಕೂಲು ರಜ, ತಿಮ್ಮೇಶನ ಡ್ಯೂಟಿ ರಜ ಜನವರಿಯಲ್ಲೇ ಬರೆಸಿಟ್ಟದ್ದು, ಅತ್ತಿತ್ತ ಒಂದು ದಿನ ಸರಿಸುವ ಹಾಗಿಲ್ಲ, ಇಲ್ಲಿ ರಮ್ಯಶ್ರೀಗೂ ಹಾಗೆಯೇ, ಕುಣಿಗಲ್ ತಾಲ್ಲೂಕು ಆಫೀಸಿನಲ್ಲಿ ಮೂರು ವರ್ಷದಿಂದ ಒಟ್ಟಿಗೆ ನಾಲ್ಕು ದಿನ ರಜ ಕೇಳದ ಹೆಂಡತಿ ನನ್ನವಳು, ಈ ಸಲ ಹದಿನೆಂಟು ದಿನ ಕೇಳಿದ್ದಾಳೆ, ಕೊಟ್ಟಿದ್ದಾರೆ, ದಿನಾ ಕುಣಿಗಲ್ ಬಸ್ಸಿನಲ್ಲಿ ಕೂತು ಪಟ್ಟಿ ಬರೆಯುತ್ತಾಳೆ, ಹುಣಸೆ ತೊಕ್ಕು, ಚಟ್ನಿಪುಡಿ, ಅತ್ತೆಯವರ ಕಾಲುಚೀಲ ಎರಡು ಜೊತೆ, ಟಾರ್ಚು, ಅಪರ್ಣ ಅಲ್ಲಿಂದ ಕಳಿಸುವ ಪಟ್ಟಿ ಬೇರೆ, ಅಣ್ಣ, ಫ್ರಾನ್ಸಲ್ಲಿ ಕಾರೊಳಗೆ ಎಲ್ರಿಗೂ ಒಂದೊಂದು ಹೊಳೆಯೋ ಹಳದಿ ಜಾಕೀಟು ಇರಲೇಬೇಕು, ಕಾನೂನು, ತಿಮ್ಮೇಶ ಏಳು ತಂದಿಟ್ಟಿದ್ದಾರೆ, ಅಂತ ಅವಳು ಹೇಳಿದರೆ ಅಮ್ಮ, ನಾನೂ ಹಾಕ್ಕೋಬೇಕೇನೇ, ಮಡಿಸೀರೆ ಮೇಲೆ? ಕಾರು ಕೆಟ್ಟು ರಸ್ತೇಲಿ ಇಳಿದ್ರೆ ಮಾತ್ರ ಅಮ್ಮ, ಅಂದಳು ಅವಳು, ಕೆಡೋ ಕಾರಲ್ಲಿ ಯಾಕೆ ಕರ್ಕೊಂಡು ಹೋಗ್ತೀರ, ಅಂದಳು ಅಮ್ಮ, ಎಲ್ಲರೂ ನಕ್ಕೆವು, ನಾನೂ ನಕ್ಕೆ, ಆಗ ನಗು ಇತ್ತು, ಜನವರಿ ಅದು.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ, ಕೇಳಿದ್ದೇ ಕೇಳಿದ್ದು, ಇಷ್ಟು ದೊಡ್ಡ ಕಾರು ಹಡಗಿನೊಳಗೆ ಹೇಗೋ ಹೋಗುತ್ತೆ, ನೀರಲ್ಲಿ ತೂಗಾಡಿದ್ರೆ ಒಂದಕ್ಕೊಂದು ಹೊಡ್ಕೊಳ್ಳಲ್ವ, ರಮ್ಯಶ್ರೀಯನ್ನು ಕರೆದುಕೊಂಡು ಬರಲು ಕುಣಿಗಲ್ಲಿಗೆ ಹೋದ ಶನಿವಾರ ಕೆರೆ ಏರಿಯ ಮೇಲೆ ಕಾರು ನಿಲ್ಲಿಸಿದ್ದೆ, ಅಮ್ಮ ಕೆಳಗಿಳಿದು ನೀರನ್ನೇ ನೋಡುತ್ತಾ ನಿಂತಳು, ರಾಮೇಶ್ವರದಲ್ಲಿ ದಡದಿಂದ ನೋಡಿದ್ದಷ್ಟೇ ಕಣೋ ಸಮುದ್ರ, ನಡುವೆ ಹೋಗಿ ನಿಂತ್ರೆ ಯಾವ ಕಡೆ ನೋಡಿದ್ರೂ ನೀರೇ ಇರುತ್ತಾ, ಹೂಂ ಅಂದೆ, ಅಪರ್ಣ ಪಕ್ಕದಲ್ಲಿ ನಿಂತಿರ್ತಾಳಾ, ಹೂಂ ಅಮ್ಮ, ನಿಂತಿರ್ತಾಳೆ, ಅಂದೆ, ಅಷ್ಟು ಕೇಳಿ ಕಾರು ಹತ್ತಿದಳು, ಹದಿನೈದು ವರ್ಷ ಮಗಳ ಮನೆಯ ಹೊಸ್ತಿಲು ತುಳಿಯದವಳು, ಜಾತಿ ಬಿಟ್ಟು ಮದುವೆಯಾದಳು ಅಂತ ಅಪ್ಪ ಅವಳ ಹೆಸರನ್ನೇ ಎತ್ತುವುದು ಬಿಟ್ಟಿದ್ದರು, ಗುಬ್ಬಿ ಪೋಸ್ಟಾಫೀಸಿನ ವೆಂಕಟೇಶಯ್ಯನವರು, ಊರಿನವರ ಕಾಗದವನ್ನೆಲ್ಲ ಮನೆಮನೆಗೆ ಮುಟ್ಟಿಸಿದವರು, ಮಗಳ ಕಾಗದ ಬಂದರೆ ಮೇಜಿನ ಮೇಲೆ ಹಾಗೇ ಬಿಟ್ಟು ಎದ್ದುಹೋಗುತ್ತಿದ್ದರು, ಅಮ್ಮ ಅದನ್ನು ಸೆರಗಿನಲ್ಲಿಟ್ಟುಕೊಂಡು ಹಿತ್ತಲಿಗೆ ಹೋಗುತ್ತಿದ್ದಳು, ಅಮ್ಮನ ಕೈಗೆ ಮೊಬೈಲು ಬಂದ ಮೇಲೂ ಹಿತ್ತಲೇ, ಒಗೆಯುವ ಕಲ್ಲಿನ ಹತ್ತಿರ ನಿಂತು ಪಿಸಪಿಸ, ತೀರಿಕೊಳ್ಳುವ ವರ್ಷ ಒಂದು ದಿನ ಮಾತ್ರ ಅಪ್ಪ ತಾವೇ ಫೋನೆತ್ತಿದರು, ಅಲ್ಲಿ ಚಳಿ ಜಾಸ್ತೀನಾ, ಅಂದರು, ಆ ಕಡೆಯಿಂದ ಏನು ಬಂತೋ, ಸ್ವೆಟರ್ ಹಾಕ್ಕೋ, ಅಂದು ಫೋನು ಅಮ್ಮನ ಕೈಗೆ ಕೊಟ್ಟರು, ಅಷ್ಟೇ, ಅವರು ಹೋದಾಗ ಅಪರ್ಣ ಬಂದು ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇಂಥ ಅಮ್ಮ ಈಗ ಹೊರಟಿದ್ದಾಳೆ ಅಂದರೆ ಅದಕ್ಕೆ ನಾನು ಕಲ್ಲು ಹಾಕುವುದಾ.

ಕಲ್ಲು ನಾನು ಹಾಕಲಿಲ್ಲ, ನನ್ನ ಗಣಿತ ಹಾಕಿತು, ಅದೂ ತಪ್ಪು ಗಣಿತ, ಇಪ್ಪತ್ತೆರಡು ವರ್ಷದಿಂದ ಪಿಯು ಹುಡುಗರಿಗೆ ಗಣಿತ ಹೇಳುತ್ತಿದ್ದೇನೆ, ನಾಚಿಕೆಯಾಗಬೇಕು, ಫೆಬ್ರವರಿಯಲ್ಲಿ ಅಪರ್ಣನ ಮೆಸೇಜು, ಹಡಗಿನ ಟಿಕೆಟ್ ಆಯ್ತು ಅಣ್ಣ, ಇನ್ನು ಬದಲಾಯ್ಸೋ ಹಾಗಿಲ್ಲ, ಮಾರನೆಯ ದಿನ ಪರೀಕ್ಷೆ ಕೋಣೆಯಲ್ಲಿ ಕಾವಲು ಕೂತಿದ್ದೆ, ಮಾಡಲು ಬೇರೆ ಕೆಲಸವಿಲ್ಲ, ಮೇ ತಿಂಗಳು, ಮೇ ತಿಂಗಳು ಅಂದುಕೊಳ್ಳುತ್ತಾ ಇದ್ದಾಗ ಥಟ್ಟನೆ ಹೊಳೆಯಿತು, ಹೋದ ವರ್ಷ ಅಪ್ಪನ ತಿಥಿ ಜೂನ್ ಐದು, ಜ್ಯೇಷ್ಠ ಶುದ್ಧ ದಶಮಿ, ಚಂದ್ರನ ಲೆಕ್ಕ ವರ್ಷಕ್ಕೆ ಹನ್ನೊಂದು ದಿನ ಹಿಂದೆ ಬರುತ್ತದೆ, ಐದರಿಂದ ಹನ್ನೊಂದು ಕಳೆ, ಮೇ ಇಪ್ಪತ್ತೈದು, ಸೋಮವಾರ, ಟೆಂಟಿನ ಮೂರನೆಯ ದಿನ — ಮುಂದಿನ ಬೆಂಚಿನ ಹುಡುಗ ಪಕ್ಕದವನದನ್ನು ನೋಡಿ ಬರೆಯುತ್ತಿದ್ದಾನೆ, ನಾನು ಅವನನ್ನೇ ನೋಡುತ್ತಿದ್ದೇನೆ, ಒಬ್ಬನೇ ಮಗ ನಾನು, ನನ್ನ ಬದಲು ಕೂರುವವರು ಇನ್ಯಾರೂ ಇಲ್ಲ, ಅಮ್ಮನಿಗೆ ಹೇಳಿದರೆ ಆಯಿತು, ಒಂದು ಕ್ಷಣ ಯೋಚನೆ ಮಾಡುವುದಿಲ್ಲ ಅವಳು, ಬೇಡ ಬಿಡು ಅನಂತು, ಟಿಕೆಟ್ ವಾಪಸ್ ಮಾಡ್ಸು, ಅಂದುಬಿಡುತ್ತಾಳೆ, ಅಂದು ಹಿತ್ತಲಿಗೆ ಹೋಗುತ್ತಾಳೆ, ಆ ಬೆನ್ನನ್ನು ನೋಡಲು ನನ್ನಿಂದಾಗುವುದಿಲ್ಲ, ಸರಿ, ಹೇಳುವುದು ಬೇಡ, ಹೇಳದೆ ಹೋಗುವುದಾ, ಅಪ್ಪನಿಗೆ ಆ ದಿನ ಒಂದು ಹಿಡಿ ಅನ್ನ ಇಡದೆ ಫ್ರೆಂಚರ ಹುಲ್ಲಿನ ಮೇಲೆ ಕಾಲು ಚಾಚಿಕೊಂಡು ಕೂರುವುದಾ, ಇದಕ್ಕೆ ಉತ್ತರ ಹುಡುಕಿ ಹುಡುಕಿ ತಲೆ ಕೆಟ್ಟಿತ್ತು, ಏನೇನು ಯೋಚಿಸಿದ್ದೆ, ಬೆಳಗ್ಗೆ ಬೇಗ ಎದ್ದು ಟಾಯ್ಲೆಟ್ ಬ್ಲಾಕಿನಲ್ಲಿ ಸ್ನಾನ ಮಾಡಿ ಯಾರಿಗೂ ಕಾಣದ ಹಾಗೆ ಸಮುದ್ರದ ದಡಕ್ಕೆ ಹೋಗುವುದು, ವಿಡಿಯೋ ಕಾಲಿನಲ್ಲಿ ಭಟ್ಟರು, ನಾಲ್ಕು ಕಾಳು ಎಳ್ಳು ಶರ್ಟಿನ ಜೇಬಿನಲ್ಲಿ, ಪಿಂಡ ಮುಟ್ಟಲು ಕಾಗೆ ಬೇಕಲ್ಲ, ನಾರ್ಮಂಡಿಯಲ್ಲಿ ಕಾಗೆ ಇವೆಯಾ ಅಂತ ಮೊಬೈಲಿನಲ್ಲಿ ಹುಡುಕಿದ್ದೆ, ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಕೂತು, ಇವೆಯಂತೆ, ಆ ಹೊತ್ತಿಗೆ ಅಷ್ಟೇ ಸಮಾಧಾನ. ಜ್ಯೇಷ್ಠ ಶುದ್ಧ ದಶಮಿ ಯಾವತ್ತು ಅಂತ ಮಾತ್ರ ಟೈಪು ಮಾಡಲಿಲ್ಲ, ಎರಡು ಸಲ ಅರ್ಧ ಟೈಪು ಮಾಡಿ ಅಳಿಸಿದೆ, ಸೋಮವಾರ ಅಂತ ಆ ಗಾಜಿನ ಮೇಲೆ ಮೂಡಿಬಿಟ್ಟರೆ ಆಮೇಲೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲವಲ್ಲ.

ಅಡುಗೆಮನೆ ಗೋಡೆಯ ಕ್ಯಾಲೆಂಡರನ್ನೂ ಇಳಿಸಿದೆ, ಮೊಳೆ ಸಡಿಲವಾಗಿದೆ ಅಂತ ಹೇಳಿ ಬೀರುವಿನ ಮೇಲೆ ಹಾಕಿದೆ, ಯಾರೂ ಕೇಳಲಿಲ್ಲ, ದಿನಕ್ಕೆ ಮೂರು ಸಲ ಇವತ್ತು ಏನು ತಿಥಿ, ಏಕಾದಶಿ ಯಾವತ್ತು ಅನ್ನುವ ಅಮ್ಮನೂ ಕೇಳಲಿಲ್ಲ, ಮಗಳು ಸಿಂಚನಾ ಮಾತ್ರ, ಅಪ್ಪ, ನನ್ನ ಎಕ್ಸಾಮ್ ಡೇಟ್ ಮಾರ್ಕ್ ಮಾಡಿದ್ದೆ ಅದ್ರಲ್ಲಿ, ಅಂದಳು, ಫೋನಲ್ಲಿ ನೋಡ್ಕೋ ಪುಟ್ಟಿ ಅಂದೆ, ಫೋನ್ ಮುಟ್ಬೇಡ ಅಂತ ನೀವೇ ತಾನೇ ಹೇಳಿದ್ದು ಅಂದಳು, ಆಮೇಲೆ ಯುಗಾದಿ ಬಂತು, ಅದು ನಿಜವಾದ ಗಂಡಾಂತರ, ಯುಗಾದಿಯ ದಿನ ನಮ್ಮಲ್ಲಿ ಪಂಚಾಂಗ ಓದದೆ ಯಾರ ಎಲೆಗೂ ಒಬ್ಬಟ್ಟು ಬೀಳುವುದಿಲ್ಲ, ಅಪ್ಪ ಇದ್ದಾಗ ಅಪ್ಪ ಓದುತ್ತಿದ್ದರು, ಈ ವರ್ಷ ರಾಜ ಯಾರು, ಮಂತ್ರಿ ಯಾರು, ಮಳೆ ಎಷ್ಟು, ಗ್ರಹಣ ಎಷ್ಟು, ನಾವು ಒಬ್ಬಟ್ಟಿನ ವಾಸನೆ ಕುಡಿಯುತ್ತಾ ಕೈಕಟ್ಟಿ ಕೂರಬೇಕು, ಅವರ ನಂತರ ಅಮ್ಮ ಓದುತ್ತಾಳೆ, ಕನ್ನಡಕ ಮೂಗಿನ ತುದಿಗಿಟ್ಟುಕೊಂಡು, ಓದಿ ಮುಗಿಸಿ ಪುಟ ತಿರುವಿ, ಈ ಸಲ ನಿಮ್ಮಪ್ಪನ ತಿಥಿ ಇಂಥ ದಿನ ಬಂದಿದೆ ನೋಡು, ಅನ್ನುವುದು ರೂಢಿ, ಅವತ್ತು ಬೆಳಗ್ಗೆಯೇ ಕಾಲೇಜಿನಲ್ಲಿ ಅರ್ಜೆಂಟು ಕೆಲಸ ಅಂತ ಸುಳ್ಳು ಹೇಳಲು ಶರ್ಟು ಹಾಕಿಕೊಂಡು ನಿಂತಿದ್ದೇನೆ, ಅಷ್ಟರಲ್ಲಿ ಅಮ್ಮನೇ, ಗಂಟಲು ಕಟ್ಟಿದೆ ಕಣೋ, ಪಂಚಾಂಗ ನಾಳೆ ಓದೋಣ, ಊಟಕ್ಕೆ ಕೂತ್ಕೊಳ್ಳಿ, ಅಂದಳು, ಹಾಕಿದ ಶರ್ಟು ಬಿಚ್ಚಿಟ್ಟು ನಾಲ್ಕು ಒಬ್ಬಟ್ಟು ತಿಂದೆ, ಆ ನಾಳೆ ಬರಲೇ ಇಲ್ಲ, ನಾನು ನೆನಪಿಸಲೂ ಇಲ್ಲ, ದೇವರು ದೊಡ್ಡವನು ಅಂದುಕೊಂಡೆ, ಅಮ್ಮನಿಗೆ ವಯಸ್ಸಾಯಿತು, ಮರೆವು ಅಂದುಕೊಂಡೆ, ಭಜನೆಗೂ ಹೋಗುವುದು ಬಿಟ್ಟಿದ್ದಳು, ಯಾಕಮ್ಮ ಅಂದರೆ ಮಂಡಿ ನೋವು, ಅದೇ ಮಂಡಿಯಲ್ಲಿ ತಾರಸಿಗೆ ಹತ್ತಿ ಬಂದಿದ್ದಳು ಟೆಂಟು ನೋಡಲು, ಪ್ರಾಕ್ಟೀಸಿಗೆ ಅಂತ ಒಂದು ಸಣ್ಣ ಟೆಂಟು ತರಿಸಿದ್ದೆ, ನಾನು ಸಿಂಚನಾ ಸೇರಿ ಕಡ್ಡಿ ಸಿಕ್ಕಿಸುವುದರಲ್ಲಿ ಒಂದೂವರೆ ಗಂಟೆ, ಅಮ್ಮ ಬಗ್ಗಿ ಒಳಗೆ ಹೋದಳು, ಚಕ್ಕಳಮಕ್ಕಳ ಕೂತಳು, ಒರಗಿದಳು, ನಿದ್ದೆಯೇ ಹೋದಳು, ಎದ್ದು ಬಂದು, ಗರ್ಭಗುಡಿ ಥರ ಇದೆ ಕಣೋ, ಸೆಕೆ ಒಂದು, ಅಂದಳು, ಮುಖವೆಲ್ಲ ಬೆವರು, ಮುಖವೆಲ್ಲ ನಗು, ನಾನು ಆ ಕಡೆ ನೋಡದೆ ಟೆಂಟಿನ ಕಡ್ಡಿ ಬಿಚ್ಚತೊಡಗಿದೆ, ರಮ್ಯಶ್ರೀ ಗಮನಿಸಿದಳು, ಏನ್ರೀ, ಒಂಥರಾ ಇದೀರಲ್ಲ, ವೀಸಾ ಟೆನ್ಷನ್ನಾ, ಹೂಂ ಅಂದೆ, ಅವಳಿಗೂ ಹೇಳಲಿಲ್ಲ, ಹೇಳಿದರೆ ಅವಳ ತಲೆಗೂ ಪಾಪ, ನಾನೊಬ್ಬನೇ ಹೊತ್ತರೆ ಸಾಕು ಅಂತ, ಏನು ದೊಡ್ಡತನ ನನ್ನದು.

ವೀಸಾ ಎರಡೂ ಬಂದವು, ಇಂಗ್ಲೆಂಡಿನದು ಮೊದಲೇ, ಫ್ರಾನ್ಸಿನದು ಮೊನ್ನೆ ಗುರುವಾರ, ಬರದಿದ್ದರೆ ಚೆನ್ನಾಗಿತ್ತು ಅಂತ ಎಷ್ಟು ಸಲ ಅಂದುಕೊಂಡೆನೋ, ಅವರೇ ಬೇಡ ಅಂದುಬಿಟ್ಟರೆ ತಪ್ಪು ನನ್ನದಲ್ಲ, ಬಂತು, ಅಮ್ಮ ತನ್ನ ಪಾಸ್‌ಪೋರ್ಟು ತೆಗೆದುಕೊಂಡು ಆ ಪುಟವನ್ನು ಬೆಳಕಿಗೆ ಹಿಡಿದು ನೋಡಿದಳು, ದೇವರ ಮುಂದೆ ಇಟ್ಟಳು, ಶುಕ್ರವಾರ ಬೆಳಗ್ಗೆ ಕಾಫಿ ಕೊಡುತ್ತಾ, ಭಾನುವಾರ ಗುಬ್ಬಿಗೆ ಕರ್ಕೊಂಡು ಹೋಗು, ಶ್ರೀಕರ ಭಟ್ರ ಹತ್ರ ಸ್ವಲ್ಪ ಮಾತಾಡೋದಿದೆ, ಅಂದಳು, ಮುಗಿಯಿತು ಅಂದುಕೊಂಡೆ, ಸಿಕ್ಕಿಬಿದ್ದೆ, ಇವತ್ತು ಬೆಳಗ್ಗೆ ಇದೇ ರಸ್ತೆಯಲ್ಲಿ ಹೋಗುವಾಗ ಮಲ್ಲಸಂದ್ರ ದಾಟಿದ್ದು ಗೊತ್ತಾಗಲಿಲ್ಲ, ಅವಳು ಬಾಯಿ ಬಿಡುವ ಮೊದಲು ಭಟ್ಟರನ್ನು ಹಿಡಿದು, ಏನಾದರೂ ದಾರಿ ಹುಡುಕಿ ಸ್ವಾಮಿ, ಅಂತ ಕಾಲು ಹಿಡಿಯಬೇಕು, ಹೇಗೆ, ಭಟ್ಟರ ಮನೆಯಲ್ಲಿ ಕೂತ ತಕ್ಷಣ ನಾನು, ಅಮ್ಮ, ನೀನು ಒಳಗೆ ಹೋಗಿ ಅವರ ಮನೆಯವರನ್ನ ಮಾತಾಡ್ಸು, ಅಂದೆ, ಅದೇ ಹೊತ್ತಿಗೆ ಅವಳು, ಅನಂತು, ಬರಿಗೈಲಿ ಬಂದಿದೀವಿ, ಸರ್ಕಲ್ ಹತ್ರ ಹೋಗಿ ಹಣ್ಣು ತಗೊಂಡು ಬಾ, ಅಂದಳು, ಭಟ್ಟರು ಇಬ್ಬರನ್ನೂ ನೋಡಿದರು, ಅಮ್ಮ ಹೇಳಿದ ಮೇಲೆ ಹೋಗದಿರಲು ಆಗುತ್ತದಾ, ಓಡಿಹೋಗಿ ಒಂದು ಚಿಪ್ಪು ಬಾಳೆಹಣ್ಣು ತಂದೆ, ಬರುವಷ್ಟರಲ್ಲಿ ಅವಳು ಹಿತ್ತಲಲ್ಲಿ ಭಟ್ಟರ ಹೆಂಡತಿ ಜೊತೆ ಕರಿಬೇವಿನ ಗಿಡ ನೋಡುತ್ತಿದ್ದಳು, ಇದೇ ಸಮಯ ಅಂತ ಪಿಸುಗುಟ್ಟಿದೆ, ಭಟ್ರೇ, ಅಪ್ಪನ ತಿಥಿ ಮೇ ಇಪ್ಪತ್ತೈದಕ್ಕೆ ಬೀಳುತ್ತೆ, ನಾವು ಊರಲ್ಲಿರಲ್ಲ, ಅಮ್ಮನಿಗೆ ಗೊತ್ತಿಲ್ಲ, ಭಟ್ಟರು ಎಲೆಯಡಿಕೆಯ ತಟ್ಟೆ ಪಕ್ಕಕ್ಕಿಟ್ಟು ನಗಲು ಶುರುಮಾಡಿದರು, ಹೊಟ್ಟೆ ಕುಣಿಯುವ ಹಾಗೆ ನಕ್ಕರು, ಏನ್ರೀ ಇವತ್ತು ಎಲ್ರೂ ಇದನ್ನೇ ಕೇಳ್ತೀರಲ್ಲ, ಅಲ್ಲ ಮೇಷ್ಟ್ರೇ, ಊರು ಮಕ್ಕಳಿಗೆಲ್ಲ ಗಣಿತ ಹೇಳ್ಕೊಡ್ತೀರಿ, ಈ ವರ್ಷ ಎರಡು ಜ್ಯೇಷ್ಠ ಕಣ್ರೀ, ಮೊದಲನೇದು ಅಧಿಕ, ಅದ್ರಲ್ಲಿ ನಿಮ್ಮ ತಂದೆಯವರದ್ದು ಮಾಡೋ ಹಾಗಿಲ್ಲ, ಎರಡನೇದ್ರಲ್ಲಿ ಮಾಡ್ಬೇಕು, ಜೂನ್ ಇಪ್ಪತ್ತನಾಲ್ಕು ಬುಧವಾರ, ಹೋಗಿ ಬನ್ನಿ ಆರಾಮಾಗಿ.

ಅಧಿಕ ಮಾಸ, ಎಂಥ ಪೆದ್ದ ನಾನು, ಹೋದ ವರ್ಷದ ಒಂದೇ ತಾರೀಕು ಹಿಡಿದುಕೊಂಡು ಕಳೆದುಕೂತೆ, ಅದರ ಹಿಂದಿನ ವರ್ಷ ಜೂನ್ ಹದಿನಾರು, ಅದಕ್ಕೂ ಹಿಂದೆ ಮೇ ಮೂವತ್ತು, ಮೂರು ತಾರೀಕು ಸಾಲಾಗಿ ಬರೆದಿದ್ದರೆ ನನ್ನ ಕ್ಲಾಸಿನ ಕೊನೆಯ ಬೆಂಚಿನವನೂ ಹೇಳುತ್ತಿದ್ದ, ಸಾರ್, ನಡುನಡುವೆ ಮುಂದಕ್ಕೂ ಹಾರುತ್ತೆ ಅಂತ, ಆಗಲಿ, ಪೆದ್ದ ಅನ್ನಿಸಿಕೊಂಡರೂ ಇಷ್ಟು ಸುಖವಾಗಿರುತ್ತದೆ ಅಂತ ಗೊತ್ತಿರಲಿಲ್ಲ, ಟ್ರ್ಯಾಕ್ಟರು ಪಕ್ಕದ ಮಣ್ಣುದಾರಿಗೆ ಇಳಿಯಿತು, ರಸ್ತೆ ಖಾಲಿ, ಈಗ ಮಿಕ್ಕಿದ್ದೆಲ್ಲ ಯೋಚಿಸಬಹುದು, ಮಾಮೂಲಿ ಚಿಂತೆ, ಒಳ್ಳೆಯ ಚಿಂತೆ, ಅಲ್ಲಿ ಬಲಗಡೆ ಓಡಿಸಬೇಕು, ಆರ್‌ಟಿಓದಲ್ಲಿ ಹೊರದೇಶದ ಲೈಸೆನ್ಸು ಮಾಡಿಸಿಕೊಂಡಾಗಿದೆ, 'ಒಂದ್ ಗಂಟೆ ನೀವ್ ಓಡ್ಸಿ ಭಾವ, ಒಂದ್ ಗಂಟೆ ನಾನು, ರೌಂಡಾಣದಲ್ಲಿ ಮಾತ್ರ ಉಸಾರು' ಅಂತ ತಿಮ್ಮೇಶನ ವಾಯ್ಸ್ ಮೆಸೇಜು, ಅಮ್ಮನ ಮಡಿಸೀರೆ ಟೆಂಟಿನ ಹಗ್ಗದ ಮೇಲೆ ಒಣಗುತ್ತದೆ, ಪಕ್ಕದ ಟೆಂಟಿನವರು ಬಾವುಟ ಅಂದುಕೊಳ್ಳಲಿ, ಹುಳಿಪುಡಿ ಒಂದು ಕೆಜಿ ಸಾಕಾ, ಸಾಕು, ಅಮ್ಮ ಹಡಗಿನ ಕಟಾಂಜನ ಹಿಡಿದು ನಿಂತಿರುತ್ತಾಳೆ, ಯಾವ ಕಡೆ ನೋಡಿದರೂ ನೀರು, ಪಕ್ಕದಲ್ಲಿ ಅಪರ್ಣ — ಅನಂತು, ಹೆಗ್ಗೆರೆ ಹತ್ರ ನಿಲ್ಸೋ, ಎಳನೀರು ಕುಡಿಯೋಣ, ಅಂತ ಹಿಂದಿನಿಂದ ದನಿ, ಓಹೋ ಬಾಯಿ ಬಂತು, ಬೇವಿನಮರದ ನೆರಳಿನಲ್ಲಿ ನಿಲ್ಲಿಸಿದೆ, ಕಿಟಕಿ ಇಳಿಸಿ ಎರಡು ಹೇಳಿದೆ, ಗಂಜಿ ಬೇಡ, ನೀರು ಜಾಸ್ತಿ ಇರೋದು ಕೊಡಪ್ಪ.

ಭಟ್ರ ಹತ್ರ ನೀನೇನು ಕೇಳ್ದೆ, ಅಂದಳು, ಏನಿಲ್ಲಮ್ಮ, ತಿಥಿ ಯಾವತ್ತು ಅಂತ, ಅಂದೆ, ಕನ್ನಡಿಯಲ್ಲಿ ಅವಳ ಮುಖ ಕಾಣಿಸಲಿಲ್ಲ, ಬರೀ ನೆತ್ತಿ, ಬೈತಲೆ, ನಾನೂ ಅದನ್ನೇ ಕೇಳ್ದೆ, ಅಂದಳು, ನೀನು ಹಣ್ಣಿಗೆ ಹೋದಾಗ, ಹೋದ ವರ್ಷದ ತಾರೀಕಿಂದ ಹನ್ನೊಂದು ದಿನ ಹಿಂದಕ್ಕೆ ಎಣಿಸಿದ್ದೆ ಕಣೋ ನಾನು, ಟಿಕೆಟ್ ಆಯ್ತು ಅಂತ ಅಪರ್ಣ ಹೇಳಿದ ದಿನವೇ ಎಣಿಸಿದ್ದೆ, ಮೇ ಇಪ್ಪತ್ತೈದು — ಎಳನೀರಿನವನು ಮಚ್ಚಿನಿಂದ ಒಂದು ಏಟು ಹಾಕಿದ, ಇನ್ನೊಂದು ಏಟು, ನನಗೆ ನಗು ಬರಬೇಕು, ಎರಡು ತಿಂಗಳು ಒಂದೇ ಮನೆಯಲ್ಲಿ, ಒಂದೇ ಅಡುಗೆಮನೆಯಲ್ಲಿ, ಅವಳು ನನ್ನಿಂದ, ನಾನು ಅವಳಿಂದ, ಗಂಟಲು ನೋವಂತೆ, ಮಂಡಿ ನೋವಂತೆ, ಯಾಕಮ್ಮ ನಂಗೆ ಹೇಳ್ಲಿಲ್ಲ, ಅಂದೆ, ಹೇಳಿದ್ರೆ ನೀನು ಬೇಡ ಅಂತಿದ್ದೆ, ಟಿಕೆಟ್ ವಾಪಸ್ ಮಾಡಿಸ್ತಿದ್ದೆ, ನಿಮ್ಮಪ್ಪನ ಮಗ ನೀನು, ಅಂದಳು, ಭಜನೆಗೆ ಹೋದ್ರೆ ಯಾರಾದ್ರೂ ತಿಥಿ ಮಾತೆತ್ತುತಾರೆ ಅಂತ ಹೋಗ್ಲಿಲ್ಲ, ಹೋಗಿದ್ರೆ ಅಧಿಕ ಮಾಸ ಅಂತ ಅವತ್ತೇ ಗೊತ್ತಾಗ್ತಿತ್ತು, ಐವತ್ತು ವರ್ಷ ತಿಥಿ ವಾರ ನೋಡಿ ಒಲೆ ಹಚ್ಚಿದೋಳು ನಾನು, ತೆಗೆದು ನೋಡಿದ್ರೆ ತಾನೇ ಗೊತ್ತಾಗೋದು, ಎಳನೀರು ಕೈಗೆ ಬಂತು, ಒಂದನ್ನು ಹಿಂದಕ್ಕೆ ಕೊಟ್ಟೆ, ತೆಗೆದುಕೊಂಡಳು, ಕುಡಿಯಲಿಲ್ಲ, ಭಟ್ರನ್ನ ಏನಂತ ಕೇಳಿದೆ ಅಮ್ಮ, ಅಂದೆ, ಆವತ್ತು ಬಿಟ್ಟು ವಾಪಸ್ ಬಂದ್ಮೇಲೆ ಮಾಡಿದ್ರೆ ನಡೆಯುತ್ತಾ ಅಂತ ಕೇಳ್ದೆ, ಅಂದಳು, ನಡೆಯಲ್ಲ ಅಂದಿದ್ರೆ, ಅಂದೆ, ಯಾಕೆ ಕೇಳಿದೆನೋ, ಕೇಳಬಾರದಿತ್ತು, ಬಸ್ಸೊಂದು ಧೂಳೆಬ್ಬಿಸಿಕೊಂಡು ಹೋಯಿತು, ನಡೆಯಲ್ಲ ಅಂದಿದ್ರೂ ಬರ್ತಿದ್ದೆ ಕಣೋ, ಅಂದಳು, ಅವಳ ಮನೇಲಿ ಒಂದು ತುತ್ತು ಅನ್ನ ತಿಂದಿಲ್ಲ ನಾನು.

ನಾನೂ ಹೋಗುತ್ತಿದ್ದೆ ಅಂತ ಹೇಳಬೇಕು, ಹೇಳುತ್ತೇನೆ, ಇನ್ನೊಂದು ಗಳಿಗೆ, ಅಪ್ಪ ಇದನ್ನು ಕೇಳಿದ್ದರೆ ಏನನ್ನುತ್ತಿದ್ದರು, ಎದ್ದುಹೋಗುತ್ತಿದ್ದರಾ, ಸ್ವೆಟರ್ ಹಾಕ್ಕೊಂಡು ಹೋಗಿ ಅನ್ನುತ್ತಿದ್ದರಾ, ಗೊತ್ತಿಲ್ಲ, ಅಮ್ಮ ಚೀಲದೊಳಗೆ ಕೈ ಹಾಕಿದಳು, ಒಂದು ಪೊಟ್ಟಣ ತೆಗೆದು ನನ್ನ ಹೆಗಲ ಮೇಲಿನಿಂದ ಮುಂದಕ್ಕೆ ಚಾಚಿದಳು, ಗ್ರಂದಿಗೆ ಅಂಗಡಿಯವನು ನ್ಯೂಸ್‌ಪೇಪರಿನಲ್ಲಿ ಸುತ್ತಿ ಬಿಳಿ ದಾರ ಕಟ್ಟಿಕೊಟ್ಟದ್ದು, ಈ ವರ್ಷದ ಪಂಚಾಂಗ, ಮೇಲೆ ಯುಗಾದಿಯ ಕುಂಕುಮ ಒಣಗಿದೆ, ಬಿಚ್ಚಿಲ್ಲ, ಯುಗಾದಿಯಿಂದ ಟ್ರಂಕಿನಲ್ಲಿತ್ತು ಕಣೋ, ಅಂದಳು, ದಿನಾ ಸ್ನಾನ ಮಾಡಿ ಬಂದು ತೆಗೀತಿದ್ದೆ, ಇವತ್ತು ನೋಡೇಬಿಡೋಣ ಅಂತ ದಾರದೊಳಗೆ ಬೆರಳು ಹಾಕ್ತಿದ್ದೆ, ಎಳೀಲಿಕ್ಕೆ ಆಗ್ತಿರ್ಲಿಲ್ಲ, ಹಾಗೇ ಒಳಗಿಡ್ತಿದ್ದೆ, ಈಗ ನೀನೇ ಬಿಚ್ಚು, ಬುಧವಾರ ಅಂತ ಅವರು ಹೇಳಿದ್ದು ಕಣ್ಣಲ್ಲಿ ನೋಡ್ತೀನಿ, ತೆಗೆದುಕೊಂಡೆ, ಸ್ಟೀರಿಂಗಿನ ಮೇಲಿಟ್ಟುಕೊಂಡೆ, ದಾರ ಹಾದುಹೋಗುವ ಕಡೆ ಪೇಪರಿನ ಅಕ್ಷರ ಅಳಿಸಿಹೋಗಿದೆ, ಅಳಿಸಿ, ಸವೆದು, ತೂತಾಗಿ, ತೂತಿನಲ್ಲಿ ಪಂಚಾಂಗದ ಹಳದಿ ರಟ್ಟು ಕಾಣುತ್ತಿದೆ, ಸುತ್ತ ಎಲ್ಲ ಕಡೆ ಪೇಪರು ಹೊಸದು, ಅಲ್ಲಿ ಮಾತ್ರ, ಯುಗಾದಿಯಿಂದ ಇವತ್ತಿನವರೆಗೆ ಮೂವತ್ತೆಂಟು ದಿನ, ದಿನಾ ಸ್ನಾನ ಮಾಡಿ, ದಿನಾ ಟ್ರಂಕಿನ ಮುಂದೆ, ದಾರದ ಕೆಳಗೆ ಬೆರಳು, ಎಳನೀರಿನವನು ಏನೋ ಕೇಳುತ್ತಿದ್ದಾನೆ, ಸಾರ್, ಗಂಜಿ ಬೇಕಾ ಸಾರ್, ಬಿಚ್ಚೋ ಅನ್ನುತ್ತಿದ್ದಾಳೆ ಅಮ್ಮ, ಬಿಚ್ಚುತ್ತೇನೆ, ಬಿಚ್ಚಬೇಕು, ಆ ತೂತು, ದಾರದ ಕೆಳಗೆ, ಸರಿಯಾಗಿ ಒಂದು ಹೆಬ್ಬೆರಳಿನ ಅಗಲ, ನನ್ನ ಹೆಬ್ಬೆರಳು ಅದರಲ್ಲಿ ಹಿಡಿಸುವುದಿಲ್ಲ, ಅಮ್ಮನ ಹೆಬ್ಬೆರಳಿನ ಅಗಲ, ದಾರದ ಕೆಳಗೆ.